ಆರ್ನಾಲ್ಡ್ ಇಲ್ಲದ ಟರ್ಮಿನೇಟರ್ ಯಾಕೆ ನೋಡಬೇಕು?

"ಆರ್ನಾಲ್ಡ್ ಇಲ್ಲಂದ ಮ್ಯಾಲ ಅದೆಂಥಾ ಟರ್ಮಿನೇಟರ್ ಬಿಡ್ರಿ?"

ಧಾರವಾಡದಲ್ಲಿ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದೇ. ಸಪ್ತಾಪುರದ ಚಹಾದ ಅಂಗಡಿಯಲ್ಲಿ ಕೇಳುತ್ತಾರೆ, ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಕೇಳುತ್ತಾರೆ. ಸಿಕ್ಕವರಿಗೆಲ್ಲ ಟರ್ಮಿನೇಟರ್ ಟಿವಿ ಸೀರೀಸ್ ನೋಡಿ ಅಂತ ದುಂಬಾಲು ಬೀಳುವವನು ನಾನೇ. ಹಾಗಾಗಿ ಉತ್ತರ ಕೊಡುವ ಜವಾಬ್ದಾರಿಯೂ ನನ್ನದೇ.

ಮಾತು 'ಟರ್ಮಿನೇಟರ್: ದಿ ಸಾರಾ ಕಾನರ್ ಕ್ರಾನಿಕಲ್ಸ್' ಬಗ್ಗೆ. ಅಮೆರಿಕದ ಫಾಕ್ಸ್ ಚಾನೆಲ್ಲಿನಲ್ಲಿ 2008ರ ಜನವರಿಯಿಂದ 2009ರ ಏಪ್ರಿಲ್ ತನಕ ಬಂತು. ಎರಡು ಸೀಸನ್, ಒಟ್ಟು 31 ಕಂತು. ಜೇಮ್ಸ್ ಕ್ಯಾಮರಾನ್ 1984ರಲ್ಲಿ ಮತ್ತು 1991ರಲ್ಲಿ ಮಾಡಿದ ಎರಡು ಸಿನಿಮಾಗಳ ಕಥೆ ಎಲ್ಲಿ ನಿಂತಿತ್ತೋ ಅಲ್ಲಿಂದ ಇದು ಹೊರಡುತ್ತದೆ. 2003ರ ಮೂರನೇ ಸಿನಿಮಾವನ್ನು ಪಕ್ಕಕ್ಕೆ ಇಟ್ಟುಬಿಡುತ್ತದೆ. ಸಿನಿಮಾಗಳಲ್ಲಿ ಟರ್ಮಿನೇಟರ್, ಅಂದರೆ ಮನುಷ್ಯರೂಪದ ಕೊಲೆಗಾರ ಯಂತ್ರ, ಆಗಿದ್ದವರು ಆರ್ನಾಲ್ಡ್ ಶ್ವಾರ್ಜಿನೆಗರ್. ಯಂತ್ರಗಳು ಮನುಷ್ಯರನ್ನು ಮುಗಿಸುವ ದಿನ ಬರಲಿದೆ, ಆಗ ಜನರನ್ನು ಮುನ್ನಡೆಸಬೇಕಾದವನು ಜಾನ್ ಕಾನರ್. ಈಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ಅವನನ್ನು ಉಳಿಸಿ ಬೆಳೆಸಬೇಕಾದವಳು ತಾಯಿ ಸಾರಾ.

ನನ್ನ ಉತ್ತರ ಆ ತಾಯಿಯೇ. ಸಿನಿಮಾದಲ್ಲಿ ನಮ್ಮ ಕಣ್ಣು ಯಂತ್ರದ ಮೇಲಿರುತ್ತದೆ, ಸೀರೀಸಿನಲ್ಲಿ ಅವಳ ಮೇಲೆ. ಮೂರನೇ ಸಿನಿಮಾ ಸಾರಾಳನ್ನು ತೆರೆಯ ಹೊರಗೇ ಸಾಯಿಸಿತ್ತು. ರಕ್ತದ ಕ್ಯಾನ್ಸರಿನಿಂದ ಹೋದಳು ಅಂತ ಮಾತಿನಲ್ಲೇ ಹೇಳಿ ಮುಂದೆ ನಡೆಯಿತು. ಸೀರೀಸ್ ಆ ಕ್ಯಾನ್ಸರನ್ನೇ ಕೈಗೆತ್ತಿಕೊಂಡಿತು. ಕಾಲಯಂತ್ರದಲ್ಲಿ 1999ರಿಂದ 2007ಕ್ಕೆ ಜಿಗಿದು ಬಂದ ಮೇಲೆ ಸಾರಾಗೆ ಒಂದು ವಿಷಯ ತಿಳಿಯುತ್ತದೆ. ಜಿಗಿಯದೇ ಇದ್ದಿದ್ದರೆ 2005ರಲ್ಲೇ ಅವಳು ಸತ್ತಿರುತ್ತಿದ್ದಳು. ತಪ್ಪಿಸಿಕೊಂಡಳೋ, ಇಲ್ಲ ಸಾವು ಸ್ವಲ್ಪ ಮುಂದಕ್ಕೆ ಹೋಯಿತೋ? ಗುಂಡಿಗೆ ಹೆದರದ ಹೆಂಗಸು ಡಾಕ್ಟರ ಮುಂದೆ ಕೂತಾಗ ಹೆದರುತ್ತಾಳೆ. ಎರಡು ಗಂಟೆಯ ಸಿನಿಮಾದಲ್ಲಿ ಈ ಭಯಕ್ಕೆ ಜಾಗ ಎಲ್ಲಿ ಸಿಗಬೇಕು? ವಾರ ವಾರ ಬರುವ ಕಥೆಯಲ್ಲಿ ಸಿಗುತ್ತದೆ.

ಎರಡನೇ ತಕರಾರು ನಟಿಯ ಬಗ್ಗೆ. ಸಿನಿಮಾದಲ್ಲಿ ಸಾರಾ ಆಗಿದ್ದ ಲಿಂಡಾ ಹ್ಯಾಮಿಲ್ಟನ್ ಅವರ ತೋಳು ನೋಡಿದವರಿಗೆ ಸೀರೀಸಿನ ಸಾರಾ ಲೀನಾ ಹೆಡಿ ಸಣಕಲು ಅನ್ನಿಸುತ್ತಾರೆ. "ಈಕಿ ಹೆಂಗ ಬಡಿದಾಡ್ತಾಳ್ರಿ" ಅಂತ ಗೆಳೆಯರೊಬ್ಬರು ಮೊದಲ ಕಂತಿಗೇ ಎದ್ದು ಹೋದರು. ನಮ್ಮ ಗದಗ, ಹಾವೇರಿ ಕಡೆ ದೊಡ್ಡಾಟ ನೋಡಿ ಬೆಳೆದವರು ಹೀಗೆ ಹೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಒಂದೇ ದುರ್ಯೋಧನನ ಪಾತ್ರವನ್ನು ಒಂದೂರಲ್ಲಿ ಎತ್ತರದ ಆಳು ಮಾಡುತ್ತಾನೆ, ಪಕ್ಕದೂರಲ್ಲಿ ಕುಳ್ಳಗಿನವನು ಮಾಡುತ್ತಾನೆ. ನಾವು ಅವನ ಮಾತು ಕೇಳುತ್ತೇವೆ, ಕುಣಿತ ನೋಡುತ್ತೇವೆ. ಹೋದ ವರ್ಷದವನ ಹಾಗಿಲ್ಲ ಅಂತ ಎದ್ದು ಮನೆಗೆ ಹೋಗುತ್ತೇವಾ? ಲೀನಾ ಅವರ ಸಾರಾ ನಿದ್ದೆಗೆಟ್ಟ ಸಾರಾ. ಊರಿಂದ ಊರಿಗೆ ಹೆಸರು ಬದಲಿಸಿಕೊಂಡು ಓಡುವ ದಣಿವು ಆ ಮುಖದಲ್ಲಿದೆ. ಮುಂದೆ 2011ರಲ್ಲಿ 'ಗೇಮ್ ಆಫ್ ಥ್ರೋನ್ಸ್' ಶುರುವಾದಾಗ ಸರ್ಸಿಯಾಗಿ ಬಂದವರೂ ಇವರೇ. ಅಲ್ಲಿಯೂ ಮಕ್ಕಳಿಗಾಗಿ ಯಾವ ಮಟ್ಟಕ್ಕಾದರೂ ಇಳಿಯುವ ತಾಯಿ.

ಇನ್ನು ನಟಿ ಸಮ್ಮರ್ ಗ್ಲಾವ್. ಜಾನ್‌ನನ್ನು ಕಾಯಲು ಭವಿಷ್ಯದಿಂದ ಬಂದ ಯಂತ್ರದ ಹುಡುಗಿಯ ಪಾತ್ರ ಅವರದು. ಅವಳ ಹೆಸರು ಕ್ಯಾಮರಾನ್, ನಿರ್ದೇಶಕರಿಗೆ ಗೌರವ ಅಂತ ಇಟ್ಟಿದ್ದು. ಆರ್ನಾಲ್ಡ್ ಎಲ್ಲಿ ಅಂತ ಕೇಳುವವರಿಗೆ ನಾನು ಇವಳನ್ನೇ ತೋರಿಸುತ್ತೇನೆ. ಸಮ್ಮರ್ ಚಿಕ್ಕಂದಿನಿಂದ ಬ್ಯಾಲೆ ಕಲಿತವರು. ಮೊದಲ ಸೀಸನ್ನಿನ ಒಂದು ಕಂತಿನಲ್ಲಿ ಈ ಯಂತ್ರ ಕೆಲಸದ ನೆಪದಲ್ಲಿ ಬ್ಯಾಲೆ ತರಗತಿಗೆ ಹೋಗುತ್ತದೆ. ಕೆಲಸ ಮುಗಿದ ಮೇಲೂ ಕೋಣೆಯಲ್ಲಿ ಒಂಟಿಯಾಗಿ ಕುಣಿಯುತ್ತದೆ. ಭವಿಷ್ಯದಿಂದ ಬಂದ ಸೈನಿಕ, ಯಂತ್ರಗಳೆಂದರೆ ಮೈಯೆಲ್ಲ ಉರಿಯುವ ಡೆರೆಕ್ ರೀಸ್ ಬಾಗಿಲ ಸಂದಿಯಿಂದ ಅದನ್ನು ನೋಡುತ್ತಾನೆ. ಅದು ಯಾಕೆ ಕುಣಿಯಿತು? ನಮ್ಮ ಗುಂಪಿನಲ್ಲಿ ಈ ವಾದ ಇನ್ನೂ ಮುಗಿದಿಲ್ಲ.

"ಫೈಟ್ ಕಡಿಮೆ" ಅನ್ನುವವರಿಗೆ ಮೊದಲ ಸೀಸನ್ನಿನ ಕೊನೆಯ ಕಂತು ಸಾಕು. ಶಸ್ತ್ರ ಹಿಡಿದ ಎಫ್‌ಬಿಐ ಪಡೆ ಒಂದು ಟರ್ಮಿನೇಟರನ್ನು ಹಿಡಿಯಲು ನುಗ್ಗುತ್ತದೆ. ಹಿನ್ನೆಲೆಯಲ್ಲಿ ಜಾನಿ ಕ್ಯಾಶ್ ಅವರ ಹಾಡು. ಕ್ಯಾಮೆರಾ ಮಾತ್ರ ಈಜುಕೊಳದ ತಳದಲ್ಲಿದೆ, ಮೇಲಕ್ಕೆ ನೋಡುತ್ತಿದೆ. ಒಬ್ಬೊಬ್ಬರೇ ನೀರಿಗೆ ಬೀಳುತ್ತಾರೆ, ನೀರು ಕೆಂಪಾಗುತ್ತದೆ. ಹೊಡೆದಾಟ ಬಹುತೇಕ ಕಾಣುವುದೇ ಇಲ್ಲ. 1991ರ ಸಿನಿಮಾಕ್ಕೆ ಸುಮಾರು 10 ಕೋಟಿ ಡಾಲರ್ ಖರ್ಚಾಗಿತ್ತು. ಟಿವಿಯವರ ಹತ್ತಿರ ಅಷ್ಟು ಹಣ ಎಲ್ಲಿಂದ ಬರಬೇಕು? ಹಣ ಇಲ್ಲದ ಕಡೆ ಅವರು ಬುದ್ಧಿ ಇಟ್ಟರು. ಹತ್ತು ಲಾರಿ ಉರುಳಿಸಿದ್ದರೂ ನನಗೆ ಅಷ್ಟು ನಡುಕ ಹುಟ್ಟುತ್ತಿರಲಿಲ್ಲ.

ನೋಡುಗರ ಒಂದು ದೂರನ್ನು ಮಾತ್ರ ನಾನು ಒಪ್ಪುತ್ತೇನೆ. ಎರಡನೇ ಸೀಸನ್ನಿನ ನಡುಭಾಗ ಎಳೆಯುತ್ತದೆ. ಗೋಡೆಯ ಮೇಲಿನ ಮೂರು ಚುಕ್ಕೆಯ ಹಿಂದೆ ಸಾರಾ ಕಂತುಗಟ್ಟಲೆ ಅಲೆಯುತ್ತಾಳೆ. ಜಾನ್‌ನ ಗೆಳತಿ ರೈಲಿಯ ಕಥೆಗೂ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಕೊಟ್ಟಿದ್ದಾರೆ. 22 ಕಂತು ತುಂಬಿಸಬೇಕಾದಾಗ ಹೀಗಾಗುತ್ತದೆ ಅಲ್ವಾ. ಮೊದಲ ಸೀಸನ್ ಬಿಗಿಯಾಗಿದೆ. 13 ಕಂತು ಆಗಬೇಕಿತ್ತು, ಚಿತ್ರಕಥೆಗಾರರ ಮುಷ್ಕರದಿಂದ 9ಕ್ಕೇ ನಿಂತಿತು.

ಕಡೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. "ಅರ್ಧಕ್ಕ ನಿಂತದ್ದು ಯಾಕ ನೋಡಬೇಕು?" ನಿಜ, ಕಥೆ ದೊಡ್ಡ ತಿರುವಿನಲ್ಲಿ ನಿಂತುಬಿಟ್ಟಿತು. 2009ರ ಫೆಬ್ರವರಿಯಲ್ಲಿ ಇದನ್ನು ಸೋಮವಾರದಿಂದ ಶುಕ್ರವಾರ ರಾತ್ರಿಗೆ ಹಾಕಿದರು. ಅಮೆರಿಕದಲ್ಲಿ ಶುಕ್ರವಾರ ರಾತ್ರಿ ಟಿವಿ ಮುಂದೆ ಕೂರುವವರು ಕಡಿಮೆ. ಮೇ ತಿಂಗಳಲ್ಲಿ ನಿಲ್ಲಿಸಿಯೇಬಿಟ್ಟರು. ಆದರೆ ಅದು ಎಲ್ಲಿ ನಿಂತಿತು ಅನ್ನುವುದು ಮುಖ್ಯ. ಮಗನನ್ನು ಕಾಪಾಡುವುದೊಂದೇ ಬದುಕಾಗಿದ್ದ ತಾಯಿ, ಅವನನ್ನು ಬಿಟ್ಟುಕೊಡಬೇಕಾದ ಗಳಿಗೆಗೆ ಬಂದು ನಿಲ್ಲುತ್ತಾಳೆ. ಜಾನ್ ಹೋಗಿ ತಲುಪುವ ಜಾಗದಲ್ಲಿ ಏನಿದೆ ಅಂತ ನಾನು ಇಲ್ಲಿ ಹೇಳುವುದಿಲ್ಲ. ಸಾರಾಳ ಕಥೆಯ ಮಟ್ಟಿಗೆ ಅದು ಅರ್ಧ ಅಂತ ನನಗೆ ಅನ್ನಿಸಿಲ್ಲ. ಮೂರನೇ ಸೀಸನ್ ಬರಬೇಕಿತ್ತು ಅನ್ನುವ ಸಂಕಟ ಮಾತ್ರ ಇವತ್ತಿಗೂ ಇದೆ.

ಹಾಗಾಗಿ ಸುಮ್ನೆ ಮೊದಲ 9 ಕಂತು ನೋಡಿ. ಆಮೇಲೆ ಎರಡನೇ ಸೀಸನ್ನಿನ ಮೊದಲ ಕಂತು. ಅದರಲ್ಲಿ ತಲೆಯ ಚಿಪ್ ಕೆಟ್ಟುಹೋದ ಕ್ಯಾಮರಾನ್ ಜಾನ್‌ನನ್ನೇ ಕೊಲ್ಲಲು ಹೊರಡುತ್ತಾಳೆ. ಎರಡು ಲಾರಿಗಳ ನಡುವೆ ಸಿಕ್ಕಿಕೊಂಡಾಗ ನಿನ್ನನ್ನು ಪ್ರೀತಿಸುತ್ತೇನೆ ಅಂತ ಗೋಗರೆಯುತ್ತಾಳೆ. ಅದು ನಿಜವೋ, ಬದುಕಿಕೊಳ್ಳುವ ಉಪಾಯವೋ? ನೋಡಿ ಬಂದು ನೀವೇ ಹೇಳಿ.