ಎತ್ತರ ಕೈಯಲ್ಲಿದ್ದಾಗಲೇ ಇಳಿಯುವ ಜಾಗ

ಗದಗ ಜಿಲ್ಲೆಯ ಕಪ್ಪತಗುಡ್ಡದ ಸೀಮೆಯಲ್ಲಿ ಗಾಳಿ ವಿದ್ಯುತ್ ಯಂತ್ರಗಳ ನಿರ್ವಹಣೆ ನನ್ನ ಕೆಲಸ. ಊರವರು ಫ್ಯಾನು ಎಂದು ಕರೆಯುವ ಈ ಯಂತ್ರದ ಕಂಬದೊಳಗೆ 80 ಮೀಟರ್ ಏಣಿ ಹತ್ತಿ, ತುದಿಯಲ್ಲಿ ಯಂತ್ರಭಾಗಗಳಿರುವ ನೆಸೆಲ್ ಎಂಬ ಗೂಡಿನಲ್ಲಿ ಕುಳಿತು ಬೋಲ್ಟ್‌ಗಳ ಬಿಗಿ ಪರೀಕ್ಷಿಸುತ್ತೇವೆ, ಗ್ರೀಸ್ ಹಾಕುತ್ತೇವೆ. ಮುಂಗಾರಿನ ಗಾಳಿ ಹಿಡಿದ ಮೇಲೆ ಯಂತ್ರ ನಿಲ್ಲಿಸಿದ ಪ್ರತಿ ಗಂಟೆಯೂ ನಷ್ಟವಾದ್ದರಿಂದ, ದೊಡ್ಡ ಕೆಲಸಗಳನ್ನು ಅದಕ್ಕೆ ಮೊದಲೇ ಮುಗಿಸಬೇಕಾಗುತ್ತದೆ. ಆದರೆ ಆ ಕೊನೆಯ ವಾರಗಳೇ ಭರಣಿ, ಕೃತ್ತಿಕಾ ಮಳೆಗಳ ಗುಡುಗು ಸಿಡಿಲಿನ ಕಾಲ.

ಅಂಥದೊಂದು ಮಧ್ಯಾಹ್ನ ಡಂಬಳದ ದಿಕ್ಕಿನಲ್ಲಿ ಮೋಡ ಕಪ್ಪಾಗುತ್ತಿದ್ದುದನ್ನು ನಾನು ನೋಡಿದ್ದೆ. ಜೊತೆಗಿದ್ದ ಹುಡುಗ, "ಅಣ್ಣಾ, ಇನ್ನ ಆರs ಬೋಲ್ಟ್ ಉಳದಾವ, ಮುಗಿಸೇ ಇಳಿಯೋಣಲ್ಲ?" ಎಂದು ಕೇಳಿದ, ನಾನು ಹೂಂ ಎಂದೆ. ಮೂರನೆಯ ಬೋಲ್ಟಿಗೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಚ್ಚಿದಾಗ ಗುಡುಗಿತು. ಅವಸರದಲ್ಲಿ ಇಳಿಯುವಾಗ ಅವನ ಕಾಲು ಏಣಿಯಿಂದ ಜಾರಿತು, ಮೈಗೆ ಕಟ್ಟಿದ ಸುರಕ್ಷತಾ ಪಟ್ಟಿ, ಅಂದರೆ ಹಾರ್ನೆಸ್, ಹಿಡಿದು ನಿಲ್ಲಿಸಿತು. ನಾವು ಕಂಬದ ಬಾಗಿಲು ದಾಟಿ ಗಾಡಿ ಸೇರಿದ ಸ್ವಲ್ಪ ಹೊತ್ತಿಗೆ ಪಕ್ಕದ ಗುಡ್ಡದ ಮೇಲೆ ಸಿಡಿಲು ಬಿತ್ತು. ಅವನ ತಾಯಿಗೆ ನಾನು ಏನೆಂದು ಉತ್ತರ ಹೇಳಬೇಕಾಗುತ್ತಿತ್ತು ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಅದೇ ದಿನಗಳಲ್ಲಿ ನಾನು ನಮ್ಮ ಗಾಳಿಯಂತ್ರದ ರೆಕ್ಕೆಗಳ ಚರಿತ್ರೆ ಓದುತ್ತಿದ್ದೆ. ಉಲ್ರಿಚ್ ಹ್ಯೂಟರ್ ಎಂಬ ಎಂಜಿನಿಯರು ಮೊದಲು ಸೋದರನೊಡನೆ ಗ್ಲೈಡರ್‌ಗಳನ್ನು, ಅಂದರೆ ಎಂಜಿನ್ ಇಲ್ಲದ ವಿಮಾನಗಳನ್ನು, ವಿನ್ಯಾಸ ಮಾಡಿದವರು. ಆಮೇಲೆ ಜರ್ಮನಿಯಲ್ಲಿ 34 ಮೀಟರ್ ವ್ಯಾಸದ, 100 ಕಿಲೋವ್ಯಾಟ್ ಗಾಳಿಯಂತ್ರಕ್ಕೆ ಗಾಜಿನ ನಾರಿನ ರೆಕ್ಕೆ ಕೂಡಿಸಿದರು. ಗಾಜಿನ ನಾರಿನಿಂದ ಮಾಡಿದ ಮೊದಲ ಗ್ಲೈಡರ್ ಹಾರಿದ್ದೂ ಜರ್ಮನಿಯಲ್ಲೇ, 1957ರಲ್ಲಿ. ನಾನು ದಿನವೂ ಕೈಯಿಟ್ಟು ನೋಡುವ ರೆಕ್ಕೆಗೂ ಗ್ಲೈಡರಿನ ರೆಕ್ಕೆಗೂ ಒಂದೇ ವಂಶ ಎಂದು ತಿಳಿದ ಮೇಲೆ, ಎಂಜಿನ್ ಇಲ್ಲದೆ ಹಾರುವವರ ಬದುಕನ್ನು ಓದದೆ ಇರಲಾಗಲಿಲ್ಲ.

ಅವರಲ್ಲಿ ನನ್ನ ಮನಸ್ಸಿನಲ್ಲಿ ನಿಂತವರು ಹಾನ್ಸ್ ವರ್ನರ್ ಗ್ರೋಸೆ. 1922ರಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯ ಪೈಲಟ್ ಆಗಿದ್ದು ಬದುಕುಳಿದು, ಮುಂದೆ ಗ್ಲೈಡರಿನಲ್ಲಿ ಐವತ್ತರ ಹತ್ತಿರ ವಿಶ್ವದಾಖಲೆಗಳನ್ನು ಮಾಡಿದ ಅವರು 2021ರಲ್ಲಿ ತೀರಿಕೊಂಡರು. ಆ ದಾಖಲೆಗಳಲ್ಲಿ ಬಹಳಷ್ಟು ಆಸ್ಟ್ರೇಲಿಯಾದ ಮರಳುನಾಡಿನ ಬಿಸಿಗಾಳಿಯ ಮೇಲೆ ಬಂದವು. ಎಲ್ಲಕ್ಕಿಂತ ಹೆಸರಾದದ್ದು 1972ರ ಏಪ್ರಿಲ್ 25ರ ಹಾರಾಟ: ಜರ್ಮನಿಯ ಉತ್ತರದ ಲ್ಯೂಬೆಕ್‌ನಿಂದ ಫ್ರಾನ್ಸಿನ ನೈಋತ್ಯ ಮೂಲೆಯ ಬಿಯಾರಿಟ್ಜ್‌ವರೆಗೆ 1,460 ಕಿಲೋಮೀಟರ್, ಒಂದೇ ದಿನದಲ್ಲಿ. ನಮ್ಮ ಗದಗಿನಿಂದ ದಿಲ್ಲಿಗೆ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ದೂರ. ನೇರ ದೂರದ ಆ ದಾಖಲೆ 30 ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ದೂರಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಹಾರಿಸಿದ ಎಎಸ್‌ಡಬ್ಲ್ಯೂ-12 ಗ್ಲೈಡರು. ಅದು 1 ಮೀಟರ್ ಇಳಿಯುವಷ್ಟರಲ್ಲಿ ಸುಮಾರು 47 ಮೀಟರ್ ಮುಂದೆ ಸಾಗಬಲ್ಲದು. ಅಂದರೆ 1,000 ಮೀಟರ್ ಎತ್ತರವಿದ್ದು ಗಾಳಿ ಅಡ್ಡಬರದಿದ್ದರೆ, ಗದಗಿನಿಂದ ಹೊರಟು ಅಣ್ಣಿಗೇರಿ ದಾಟಿ ಹುಬ್ಬಳ್ಳಿಯ ಸಮೀಪಕ್ಕೆ ಬರಬಹುದು. ಆದರೆ ಇಷ್ಟು ನಯವಾಗಿ ಜಾರುವ ಅದರ ರೆಕ್ಕೆಯಲ್ಲಿ ವೇಗ ತಡೆಯುವ ಬ್ರೇಕ್ ಹಲಗೆಗಳೇ ಇರಲಿಲ್ಲ, ಬಾಲದಲ್ಲಿ ಮಡಿಸಿಟ್ಟ ಪ್ಯಾರಾಚೂಟ್ ಬಿಚ್ಚಿಕೊಂಡರೆ ಮಾತ್ರ ಚಿಕ್ಕ ಹೊಲದಲ್ಲಿ ಇಳಿಯಲು ಸಾಧ್ಯವಿತ್ತು. ಮೇಲೇರುವ ಗಾಳಿ ಸಿಗದಿದ್ದರೆ ಯಾರದಾದರೂ ಹೊಲದಲ್ಲಿ ಇಳಿಯುವುದು ಗ್ಲೈಡರಿನವರಿಗೆ ಹೊಸತಲ್ಲ, ಅವಮಾನವೂ ಅಲ್ಲ. ಅವರ ಶಿಸ್ತು ಇರುವುದು ಇನ್ನೊಂದು ಕಡೆ: ಎತ್ತರ ಇನ್ನೂ ಸಾಕಷ್ಟು ಇರುವಾಗಲೇ ಹೊಲವನ್ನು ಗೊತ್ತುಮಾಡಿ, ಒಂದು ಮಟ್ಟಕ್ಕಿಂತ ಕೆಳಗೆ ಬಂದ ಮೇಲೆ ಗಾಳಿ ಹುಡುಕುವುದನ್ನು ಬಿಟ್ಟು ಇಳಿಯುವುದೊಂದನ್ನೇ ಮಾಡುತ್ತಾರೆ. ತೀರಾ ಕೆಳಗೆ ಬಂದು ಆಸೆಯಿಂದ ಇನ್ನೊಂದು ಸುತ್ತು ಹಾಕಿದವರು ಜೀವ ಕಳೆದುಕೊಂಡಿದ್ದಾರೆ.

ನಮ್ಮ ಆರು ಬೋಲ್ಟ್‌ಗಳೂ ಅಂಥ ಇನ್ನೊಂದು ಸುತ್ತೇ ಆಗಿದ್ದವು. ನೆಸೆಲ್‌ನಲ್ಲಿ ಕುಳಿತು, ಬೆವರು ಸುರಿಸಿ, ಕೆಲಸ ಮುಗಿಯುವ ಹಂತದಲ್ಲಿರುವ ಮನುಷ್ಯ ಇಳಿಯಬೇಕೋ ಬೇಡವೋ ಎಂದು ಸರಿಯಾಗಿ ತೂಗಿ ನೋಡಲಾರ. ಆ ನಿರ್ಧಾರ ನೆಲದ ಮೇಲೆ, ಏಣಿಗೆ ಕೈ ಹಚ್ಚುವ ಮೊದಲೇ ಆಗಿರಬೇಕು ಎಂಬುದು ನನಗೆ ಆಗ ತಿಳಿಯಿತು. ಗುಡುಗು ಕೇಳಿದರೆ ಇಳಿಯಬೇಕು ಎಂಬ ನಿಯಮ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಆದರೆ 80 ಮೀಟರ್ ಮೇಲಿರುವವರಿಗೆ ಗುಡುಗು ಕೇಳುವ ಹೊತ್ತಿಗೆ ತಡವಾಗಿರುತ್ತದೆ.

ಈಗ ಏಪ್ರಿಲ್, ಮೇ ತಿಂಗಳುಗಳಲ್ಲಿ ನಾವು ಬೆಳಗಿನ ಆರಕ್ಕೇ ಹತ್ತುತ್ತೇವೆ. ಕೆಲಸದ ಕಾರ್ಡಿನಲ್ಲಿ ಹತ್ತುವ ವೇಳೆಯ ಪಕ್ಕದಲ್ಲಿ ಇಳಿಯುವ ವೇಳೆಯನ್ನೂ ಬರೆಯುತ್ತೇವೆ. ಕೆಳಗೆ ನಿಂತು ಪಡುವಣ ದಿಕ್ಕಿನ ಮೋಡ ನೋಡುವವನು ಹೊಸಬನೇ ಆಗಿದ್ದರೂ, ವಾಕಿಟಾಕಿಯಲ್ಲಿ ಅವನು ಇಳಿಯಿರಿ ಎಂದರೆ ಮೇಲಿರುವ ಹಿರಿಯನು ಪ್ರತಿಯಾಗಿ ಪ್ರಶ್ನೆ ಕೇಳುವಂತಿಲ್ಲ. ಇದನ್ನು ಒಪ್ಪಿಸಲು ಮೇಲಧಿಕಾರಿಗಳ ಜೊತೆ ನಾನು ಸಾಕಷ್ಟು ವಾದ ಮಾಡಬೇಕಾಯಿತು, ಏಕೆಂದರೆ ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಮತ್ತೊಂದು ದಿನ ಯಂತ್ರ ನಿಲ್ಲಿಸಬೇಕಾಗುತ್ತದೆ.

ಕಳೆದ ಮೇ ತಿಂಗಳಲ್ಲಿ ಒಂದು ದಿನ ಅದೇ ಹುಡುಗ ಕೆಳಗಿನಿಂದ ಇಳಿಯಲು ಹೇಳಿದ. ನಾಲ್ಕು ಬೋಲ್ಟ್ ಬಾಕಿ ಇದ್ದವು. ರೆಂಚನ್ನು ಚೀಲಕ್ಕೆ ಹಾಕಿ ಇಳಿದುಬಂದೆವು. ಮೋಡ ಲಕ್ಷ್ಮೇಶ್ವರದ ಕಡೆಗೆ ಸರಿದುಹೋಯಿತು, ಹನಿ ಮಳೆಯೂ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹತ್ತಿ ಆ ನಾಲ್ಕನ್ನು ಬಿಗಿಮಾಡಿದೆವು.