ಕುದಿಸದೆ ಉಳಿಯುವ ಪೇರಲ ರಸ

ಬೀದರ್‌ನ ನಮ್ಮ ಮನೆಯಲ್ಲಿ ಪೇರಲದ ಕಾಲ ಬಂತೆಂದರೆ ಅವ್ವ ರಸ ಕುದಿಸಿ ಬಾಟಲಿಗೆ ತುಂಬುತ್ತಾಳೆ. ಕೆಡುವುದಿಲ್ಲ, ಆದರೆ ಆ ಘಮ ಹೋಗಿಬಿಡುತ್ತದೆ. ಹೋದ ವರ್ಷ ನಾನು ಕುದಿಸದೆ ಇಟ್ಟ ನಾಲ್ಕು ಬಾಟಲಿ ಮೂರೇ ದಿನಕ್ಕೆ ಹುಳಿ ಬಂದವು. ತುಂಬಾ ಬೇಜಾರಾಯಿತು.

ಅದಕ್ಕೇ ಹೈ ಪ್ರೆಶರ್ ಪ್ರಾಸೆಸಿಂಗ್, ಅಂದರೆ ಬಿಸಿಯ ಬದಲು ಭಾರೀ ಒತ್ತಡದಿಂದ ಆಹಾರ ಕೆಡದಂತೆ ಇಡುವ ವಿಧಾನದ ಬಗ್ಗೆ ಓದಿದಾಗ ಮನಸ್ಸು ಅಲ್ಲೇ ನಿಂತಿತು. ಮುಚ್ಚಿದ ಪ್ಲಾಸ್ಟಿಕ್ ಬಾಟಲಿಗಳನ್ನು ನೀರು ತುಂಬಿದ ದಪ್ಪ ಉಕ್ಕಿನ ಪಾತ್ರೆಯೊಳಗಿಟ್ಟು, 600 ಮೆಗಾಪಾಸ್ಕಲ್‌ವರೆಗೆ ಒತ್ತಡವನ್ನು ಕೆಲವು ನಿಮಿಷ ಕೊಡುತ್ತಾರೆ. ಸಮುದ್ರದ ಅತಿ ಆಳದಲ್ಲಿರುವ ಒತ್ತಡದ ಐದು ಪಟ್ಟಿಗೂ ಜಾಸ್ತಿ! ಎಲ್ಲ ಕಡೆಯಿಂದ ಸಮನಾಗಿ ಬೀಳುವುದರಿಂದ ಬಾಟಲಿ ಜಜ್ಜಿಹೋಗುವುದಿಲ್ಲ. ರೋಗ ತರುವ ಬ್ಯಾಕ್ಟೀರಿಯಾ ಸಾಯುತ್ತವೆ, ವಿಟಮಿನ್ ಸಿ ಬಹುಪಾಲು ಉಳಿಯುತ್ತದೆ. ಬ್ಯಾಕ್ಟೀರಿಯಾದ ಸ್ಪೋರ್‌ಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಅವುಗಳ ರೂಪಗಳು ಮಾತ್ರ ಸಾಯುವುದಿಲ್ಲ, ಹಾಗಾಗಿ ಫ್ರಿಜ್ ಬೇಕೇ ಬೇಕು. ಅಮೆರಿಕದ ವಿಜ್ಞಾನಿ ಬರ್ಟ್ ಹೈಟ್ 1899ರಲ್ಲೇ ಹಾಲಿನ ಮೇಲೆ ಇದನ್ನು ಮಾಡಿ ನೋಡಿದ್ದರು.

ನಮ್ಮ ಜಿಲ್ಲೆಯ ಹಸಿ ಶುಂಠಿಯಿಂದ ಸಾರ ತೆಗೆಯುವುದಕ್ಕೂ ಇದು ಒಗ್ಗುತ್ತದೆ. ಒತ್ತಡಕ್ಕೆ ಜೀವಕೋಶದ ಪೊರೆ ಒಡೆಯುತ್ತದೆ, ಸಾರ ಕರಗಿಸಿಕೊಳ್ಳಲು ಹಾಕಿದ ದ್ರಾವಕ ಒಳಗೆ ನುಗ್ಗುತ್ತದೆ, ಖಾರದ ಜಿಂಜರಾಲ್ ಬೇಗ ಹೊರಬರುತ್ತದೆ. ಜಿಂಜರಾಲ್ ಬಿಸಿಗೆ ಹಾಳಾಗುತ್ತದೆ, ಇಲ್ಲಿ ಬಿಸಿಯೇ ಬೇಡ ಅಲ್ವಾ. ಯಂತ್ರದ ಬೆಲೆ ದೊಡ್ಡದು. ಆದರೂ ಹತ್ತಾರು ರೈತರು ಸೇರಿ ಒಂದನ್ನು ಇಟ್ಟುಕೊಂಡರೆ ಅಂತ ಅವ್ವನ ಹತ್ತಿರ ಹೇಳುತ್ತಲೇ ಇದ್ದೇನೆ.