ಯೆಲ್ಲೋ ಬಂತಾ ಮೇಡಮ್?

ಊರಿನ ಯಾವ ಜಾಗ ಯಾವುದಕ್ಕೆ ಅಂತ ಗುರುತಿಸುವ ಮಾಸ್ಟರ್ ಪ್ಲಾನ್ ಮಾಡುವವಳು ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ನಮ್ಮ ಸರ್ವೆ ನಂಬರ್ ಯೆಲ್ಲೋಗೆ ಬಂತಾ ಮೇಡಮ್?" ನಕ್ಷೆಯಲ್ಲಿ ಹಳದಿ ಅಂದರೆ ವಸತಿ, ಹಸಿರು ಅಂದರೆ ಕೃಷಿ. ಹೊಲ ಹಳದಿಯಾದರೆ ಎಕರೆ ಲೆಕ್ಕದಲ್ಲಿ ಮಾರುತ್ತಿದ್ದದ್ದನ್ನು ಚದರಡಿ ಲೆಕ್ಕದಲ್ಲಿ ಮಾರಬಹುದು. ಹತ್ತು ವರ್ಷದಿಂದ ನಾನು ಒಂದು ಖಾಸಗಿ ಸಂಸ್ಥೆಯಲ್ಲಿ ಕೂತು ಈ ಬಣ್ಣ ತುಂಬುವ ಕೆಲಸ ಮಾಡುತ್ತಿದ್ದೇನೆ.

ನಾನು ಮೊದಲ ಸಲ ತಂಡದ ಮುಂದಾಳಾಗಿ ಮಾಡಿದ ಊರಿನ ಹೆಸರು ಬೇಡ. ಮೂರು ಲಕ್ಷ ಚಿಲ್ಲರೆ ಜನ, ಪಕ್ಕದಲ್ಲಿ ಹೆದ್ದಾರಿ, ಊರೊಳಗೆ ಎರಡು ಕೆರೆ. ಇಂಥ ಊರು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ.

ಕೆಲಸದ ಕ್ರಮ ಹೀಗಿರಬೇಕು. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಎಷ್ಟು ಜನ ಆಗಬಹುದು ಅಂತ ಮೊದಲು ಅಂದಾಜು. ಅಷ್ಟು ಜನಕ್ಕೆ ಎಷ್ಟು ಜಾಗ ಬೇಕು ಅಂತ ಆಮೇಲೆ ಲೆಕ್ಕ. ಕೊನೆಗೆ ಬಣ್ಣ. ನಮ್ಮಲ್ಲಿ ಆಗಿದ್ದು ತಿರುಗಾಮುರುಗಾ. ಯಾವ ಯಾವ ಹಳ್ಳಿ ಹಳದಿ ಆಗಬೇಕು ಅನ್ನುವುದು ಮೊದಲ ಎರಡು ಮೀಟಿಂಗಿನಲ್ಲೇ ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಅಷ್ಟು ಹಳದಿಗೆ ತಕ್ಕಷ್ಟು ಜನರನ್ನು ಹುಡುಕಿ ಕೊಡುವುದು ನನ್ನ ಪಾಲಿಗೆ ಬಂತು.

ಹುಡುಕಿ ಕೊಟ್ಟೆ. ಅದು ಕಷ್ಟವೂ ಅಲ್ಲ. ಜನಸಂಖ್ಯೆ ಅಂದಾಜಿಗೆ ಸಾಮಾನ್ಯವಾಗಿ ಮೂರು ವಿಧಾನ ಬಳಸುತ್ತೇವೆ. ಅರಿಥ್ಮೆಟಿಕ್ ವಿಧಾನ ಪ್ರತಿ ದಶಕಕ್ಕೂ ಅಷ್ಟೇ ಜನರನ್ನು ಕೂಡಿಸುತ್ತಾ ಹೋಗುತ್ತದೆ. ಜಿಯೊಮೆಟ್ರಿಕ್ ಚಕ್ರಬಡ್ಡಿ ಇದ್ದಂತೆ, ಬೆಳೆದದ್ದರ ಮೇಲೆ ಮತ್ತೆ ಬೆಳೆಸುತ್ತದೆ. ಇನ್‌ಕ್ರಿಮೆಂಟಲ್ ಅಂತ ಇನ್ನೊಂದು, ಅದು ಸಾಮಾನ್ಯವಾಗಿ ನಡುವೆ ಎಲ್ಲೋ ನಿಲ್ಲುತ್ತದೆ. ಕೈಯಲ್ಲಿದ್ದದ್ದು 2011ರ ಜನಗಣತಿ. 2021ರದ್ದು ನಡೆಯಲೇ ಇಲ್ಲವಲ್ಲ. ಅಷ್ಟು ಹಳೇ ಅಂಕಿ ಹಿಡಿದು 2041ಕ್ಕೆ ಹಾರಿದರೆ ಮೂರು ವಿಧಾನಕ್ಕೂ ಮೂರು ಊರು ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಕಡಿಮೆಯದಕ್ಕೂ ಜಾಸ್ತಿಯದಕ್ಕೂ ಸುಮಾರು ಒಂದೂವರೆ ಲಕ್ಷ ಜನರ ವ್ಯತ್ಯಾಸ ಬಂತು. ನಾನು ಚಕ್ರಬಡ್ಡಿ ಆರಿಸಿದೆ. ವರದಿಯಲ್ಲಿ ಅದಕ್ಕೊಂದು ಚಂದದ ಕಾರಣವನ್ನೂ ಬರೆದೆ. ಇದು ನಾನೇ ಮಾಡಿದ ತಪ್ಪು, ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಒಂದೂವರೆ ಲಕ್ಷ ಅಂದರೆ ಎಷ್ಟು ಜಾಗ ಅಂತ ನೋಡಿ. ಮಧ್ಯಮ ಗಾತ್ರದ ಊರಿಗೆ ಹೆಕ್ಟೇರಿಗೆ 100ರಿಂದ 150 ಜನ ಅಂತ ಮಾರ್ಗಸೂಚಿ ಹೇಳುತ್ತದೆ. 100 ಅಂತ ಹಿಡಿದರೆ 1,500 ಹೆಕ್ಟೇರ್. ಎಕರೆಯಲ್ಲಿ 3,700. ಎಕ್ಸೆಲ್‌ನಲ್ಲಿ ಒಂದು ಕಾಲಮ್ ಬದಲಾಯಿಸಿದ್ದಕ್ಕೆ ಅಷ್ಟು ಹೊಲ ಹಳದಿಯಾಯಿತು.

ನೀರಿನ ಕಡೆಯ ಎಂಜಿನಿಯರ್ ಒಬ್ಬರು ಮೀಟಿಂಗಿನಲ್ಲಿ ಕರಡು ತಿರುವಿ ಹಾಕಿದರು. ಸುಮ್ನೆ ಒಂದು ಗುಣಾಕಾರ ಮಾಡಿದರು. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್. ಒಂದೂವರೆ ಲಕ್ಷ ಜನಕ್ಕೆ ದಿನಕ್ಕೆ ಎರಡು ಕೋಟಿ ಲೀಟರ್. ಅದರಲ್ಲಿ ಶೇ. 80 ಕೊಳಚೆಯಾಗಿ ವಾಪಸ್ ಬರುತ್ತದೆ. "ಎಲ್ಲಿಂದ ತರ್ತೀರಿ, ಎಲ್ಲಿಗೆ ಬಿಡ್ತೀರಿ ಮೇಡಮ್?" ನನ್ನ ವರದಿಯಲ್ಲಿ ನೀರಿನ ಅಧ್ಯಾಯ ಒಂಬತ್ತನೆಯದು. ಅದನ್ನು ಬರೆಯುವ ಹೊತ್ತಿಗೆ ಬಣ್ಣವೆಲ್ಲ ಒಣಗಿಹೋಗಿತ್ತು.

ಅಷ್ಟು ಹಳದಿ ಬೇಕಿತ್ತಾ? ಅದು ಗೊತ್ತಾಗಿದ್ದು ಫೀಲ್ಡ್ ಸರ್ವೆಗೆ ಹೋದಾಗ. ರಿಂಗ್ ರೋಡ್ ಆಚೆ ಹದಿನೈದು ವರ್ಷದ ಹಿಂದೆ ಅಪ್ರೂವಲ್ ಆದ ಬಡಾವಣೆ. ಇನ್ನೂರಕ್ಕೂ ಹೆಚ್ಚು ಸೈಟು. ಮನೆ ಎಣಿಸಿದರೆ ಮೂವತ್ತು ದಾಟಲಿಲ್ಲ. ಉಳಿದದ್ದೆಲ್ಲ ಎದೆಮಟ್ಟ ಕಾಂಗ್ರೆಸ್ ಗಿಡ, ಜಾಲಿ, ನಡುನಡುವೆ ಸೈಟಿನ ನಂಬರ್ ಬರೆದ ಕಲ್ಲು. ಹಗಲು ಹನ್ನೊಂದು ಗಂಟೆಗೂ ಬೀದಿದೀಪ ಉರಿಯುತ್ತಿತ್ತು. ಸೈಟಿನ ಮಾಲೀಕರು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. ಮಗಳ ಮದುವೆಗೆ ಅಂತ ಇಟ್ಟ ಎಫ್‌ಡಿ ಅದು. ಅವರನ್ನು ಬೈಯಲಾರೆ, ನಮ್ಮಪ್ಪನ ಹೆಸರಲ್ಲೂ ಅಂಥದ್ದೊಂದು ಸೈಟಿದೆ.

ಆದರೆ ಲೆಕ್ಕ ಲೆಕ್ಕವೇ. ಥರ್ಟಿ ಫಾರ್ಟಿ ಸೈಟಿಗೆ ಮುಂದೆ 30 ಅಡಿ. ರಸ್ತೆಯ ಎರಡೂ ಕಡೆ ಮನೆ ತುಂಬಿದ್ದರೆ ಒಂದು ಮನೆಯ ಪಾಲಿಗೆ 15 ಅಡಿ ನೀರಿನ ಪೈಪು. ಏಳು ಸೈಟಿಗೆ ಒಂದೇ ಮನೆ ಇದ್ದರೆ ಅದೇ 105 ಅಡಿ. ಚರಂಡಿ, ಡಾಂಬರು, ದೀಪದ ಕಂಬ, ಕಸದ ಗಾಡಿಯ ಡೀಸೆಲ್, ಎಲ್ಲದಕ್ಕೂ ಇದೇ ಕಥೆ. ತೆರಿಗೆ ಮಾತ್ರ ಖಾಲಿ ಸೈಟಿನಿಂದ ಪುಡಿಗಾಸು.

ಹುಬ್ಬಳ್ಳಿ-ಧಾರವಾಡ ನೋಡಿಕೊಂಡು ಬಂದದ್ದು ಇದೇ ಸಮಯದಲ್ಲಿ. ಸುಮಾರು 20 ಕಿ.ಮೀ. ದೂರದ ಎರಡು ಊರು 1962ರಿಂದ ಒಂದೇ ಪಾಲಿಕೆ. ನೀರು ಬರುವುದು ಸವದತ್ತಿಯ ಮಲಪ್ರಭೆಯಿಂದ, ಧಾರವಾಡದಿಂದಲೇ ಅದು 40 ಕಿ.ಮೀ. ಹತ್ತಿರದ ನೀರಸಾಗರ ಜಲಾಶಯ ಬರಗಾಲದಲ್ಲಿ ಬತ್ತಿದ್ದೂ ಇದೆ. ಅಂಥ ಕಡೆ 2008ರಲ್ಲಿ ಕೆಲವೇ ವಾರ್ಡು ಹಿಡಿದು ಇಪ್ಪತ್ತನಾಲ್ಕು ಗಂಟೆ ನೀರು ಕೊಟ್ಟು ತೋರಿಸಿದರು. ಬೆಳಗಾವಿ, ಕಲಬುರಗಿಯಲ್ಲೂ ಇದನ್ನೇ ಮಾಡಿದರು. ಹಳೇ ಪೈಪು ಕಿತ್ತು ಹೊಸದು ಹಾಕಿದರು, ಮನೆಮನೆಗೆ ಮೀಟರ್ ಕೂರಿಸಿದರು. ಜನ ಒತ್ತೊತ್ತಾಗಿರುವ ವಾರ್ಡಿನಲ್ಲಿ ಆ ಖರ್ಚಿಗೆ ಅರ್ಥವಿದೆ. ನಾನು ನೋಡಿದ ಕಾಂಗ್ರೆಸ್ ಗಿಡದ ಬಡಾವಣೆಯಲ್ಲಿ ಅದೇ ಪೈಪು ಯಾರಿಗೆ ನೀರು ಕೊಡಬೇಕು?

ಪಾರ್ಕಿನ ಬಗ್ಗೆಯೂ ಒಂದು ಮಾತು. ಖಾಸಗಿ ಹೊಲದ ಮೇಲೆ ಪಾರ್ಕ್ ಅಂತ ಗುರುತು ಹಾಕಿದರೆ ಪಾರ್ಕ್ ಬಂತು ಅಂತ ಜನ ನಂಬುತ್ತಾರೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 69ನೇ ಕಲಂ ಪ್ರಕಾರ ಐದು ವರ್ಷದೊಳಗೆ ಆ ಜಾಗ ಕೊಂಡುಕೊಳ್ಳಬೇಕು, ಇಲ್ಲವೇ ಭೂಸ್ವಾಧೀನ ಶುರು ಮಾಡಬೇಕು. ಎರಡೂ ಆಗದಿದ್ದರೆ ಆ ಗುರುತು ಬಿದ್ದುಹೋಗುತ್ತದೆ. ಕೊಳ್ಳಲು ದುಡ್ಡು ಎಲ್ಲಿದೆ ಅಂತ ಕೇಳದೆ ನಾನು ಹನ್ನೊಂದು ಪಾರ್ಕ್ ಬರೆದಿದ್ದೆ.

ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ. ಬಂದ ಅರ್ಜಿಗಳಲ್ಲಿ ಬಹುಪಾಲು ಎರಡೇ ಥರ: ನನ್ನ ಜಾಗದ ಮೇಲಿನ ರಸ್ತೆ ತೆಗೀರಿ, ನನ್ನ ಹೊಲ ಯೆಲ್ಲೋ ಮಾಡಿ. ವಿಚಾರಣೆ ದಿನ ಒಬ್ಬರು ರೈತರು ಬಂದರು. ಪ್ಲಾಸ್ಟಿಕ್ ಕವರಿನಿಂದ ಎರಡು ಪಹಣಿ ತೆಗೆದು ನನ್ನ ಮುಂದೆ ಪಕ್ಕಪಕ್ಕ ಇಟ್ಟರು.

"ಇದು ನಮ್ಮಣ್ಣಂದು, ಯೆಲ್ಲೋ. ಇದು ನಂದು, ಗ್ರೀನು. ನಡುವೆ ಇರೋದು ಒಂದು ಬದು ಮೇಡಮ್."

ಹೆದ್ದಾರಿಯಿಂದ ಇಂತಿಷ್ಟು ಮೀಟರ್ ಅಂತ ಕಂಪ್ಯೂಟರಿನಲ್ಲಿ ಬಫರ್, ಅಂದರೆ ಸಮದೂರದ ಗೆರೆ, ಹಾಕಿದ್ದೆ. ಆಮೇಲೆ ಗೆರೆಯನ್ನು ಹತ್ತಿರದ ಸರ್ವೆ ನಂಬರಿನ ಗಡಿಗೆ ಕೂರಿಸಿದ್ದೆ. ಆ ಗಡಿ ಇವರ ಬದು. "ಹೈವೇಯಿಂದ ದೂರದ ಲೆಕ್ಕ ಯಜಮಾನ್ರೇ" ಅಂದೆ.

"ನಮ್ಮಪ್ಪ ಪಾಲು ಮಾಡುವಾಗ ಇಬ್ಬರಿಗೂ ಸಮ ಹಾಕಿದ್ದ. ನೀವು ಹಾಕಿದ್ದು ಹಿಂಗೆ."

ಸಿಟ್ಟಿನಿಂದ ಹೇಳಲಿಲ್ಲ. ಪಹಣಿ ಮಡಚಿ ಕವರಿಗೆ ಹಾಕಿಕೊಂಡು ಎದ್ದರು. ಗೆರೆ ಅಲ್ಲೇ ಉಳಿಯಿತು. ಅವರ ಹೊಲವನ್ನೂ ಹಳದಿ ಮಾಡಿದರೆ ಅದರಾಚೆಯ ಬದುವಿನವರು ಬರುತ್ತಾರೆ, ಅಲ್ವಾ?

ಮುಂದಿನ ಊರಿನ ಕೆಲಸಕ್ಕೆ ಕೂತಾಗ ಕ್ರಮ ಬದಲಾಯಿಸಿದೆ. ಮೊದಲ ತಿಂಗಳು ಬಣ್ಣ ಮುಟ್ಟಲಿಲ್ಲ. ಹಳೇ ಗ್ರಾಮ ನಕ್ಷೆ ತರಿಸಿ ಹಳ್ಳ, ರಾಜಕಾಲುವೆ, ಕೆರೆ ಎಲ್ಲ ಗುರುತು ಮಾಡಿದೆವು. ಅಪ್ರೂವಲ್ ಆಗಿಯೂ ಮನೆ ಬಾರದ ಸೈಟುಗಳ ನಕ್ಷೆ ಮಾಡಿದೆವು. ಎಣಿಸಲು ಇಬ್ಬರು ಹುಡುಗರು ಬೈಕಿನಲ್ಲಿ ಎರಡು ತಿಂಗಳು ಸುತ್ತಿದರು. ನೀರಿನದು ಎರಡನೇ ಅಧ್ಯಾಯವಾಯಿತು. ಹಳದಿಯನ್ನು ಎರಡು ಹಂತ ಮಾಡಿ, ಒಂದನೇ ಹಂತ ತುಂಬುವ ತನಕ ಎರಡನೆಯದನ್ನು ತೆರೆಯಬಾರದು ಅಂತ ಬರೆದೆ. ಖಾಲಿ ಸೈಟಿನ ನಕ್ಷೆಯನ್ನು ಎಲ್ಲರೂ ಹೊಗಳಿದರು. ಕೊನೆಯ ಮೀಟಿಂಗಿನಲ್ಲಿ ಎರಡನೇ ಹಂತದ ಅರ್ಧವನ್ನು ಒಂದನೇ ಹಂತಕ್ಕೆ ಸೇರಿಸಿದರು. ಅರ್ಧ ಉಳಿಯಿತು. ಆ ಅರ್ಧವೂ ಅದೇ 1961ರ ಕಾಯ್ದೆಯ 14-ಎ ಕಲಮಿನಡಿ ಭೂ ಉಪಯೋಗ ಬದಲಾವಣೆಯ ಅರ್ಜಿ ಹಾಕಿಸಿಕೊಂಡು ಒಂದೊಂದೇ ಸರ್ವೆ ನಂಬರ್ ಸವೆಯಬಹುದು, ಗೊತ್ತು.

ಹೋದ ಬೇಸಿಗೆಯಲ್ಲಿ ಆ ಮೊದಲ ಊರಿನ ಹೆದ್ದಾರಿಯಲ್ಲಿ ಹೋಗುತ್ತಿದ್ದೆ. ಕಾರು ನಿಲ್ಲಿಸಿ ನೋಡಿದೆ. ಅಣ್ಣನ ಹೊಲದಲ್ಲಿ ಕಮಾನು, ಸೈಟಿನ ಕಲ್ಲು, ನಾಲ್ಕು ಮನೆ. ನಲ್ಲಿ ಇನ್ನೂ ಬಂದಿಲ್ಲವಂತೆ. ಬದುವಿನ ಆಚೆ ತಮ್ಮನ ಹೊಲದಲ್ಲಿ ಮೆಕ್ಕೆಜೋಳ ಕೊಯ್ದ ಕೂಳೆ, ಒಂದು ಬೋರ್‌ವೆಲ್. ಅದರ ಪೈಪು ಟ್ಯಾಂಕರ್ ಬಾಯಿಗೆ ಇಳಿಬಿಟ್ಟಿತ್ತು. ನಾಲ್ಕು ಮನೆಗೂ ಅಲ್ಲಿಂದಲೇ ನೀರು, ಲೋಡಿನ ಲೆಕ್ಕದಲ್ಲಿ.